ದೂರದೃಷ್ಟಿಯೋ ಮುಂದಾಲೋಚನೆಯೋ: ಯಾವ ಮಾತು ಎಲ್ಲಿಗೆ ಸಲ್ಲುತ್ತದೆ

ಮೇ ತಿಂಗಳ ಕೊನೆಯ ವಾರ ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರು ಕಡೆಯ ಯಾವ ಅಡಿಕೆ ತೋಟಕ್ಕೆ ಹೋದರೂ ಮಾತು ಮಳೆಯದ್ದೇ. ಆ ಒಂದು ವಾರದಲ್ಲಿ ಒಂದು ತೋಟದಲ್ಲಿ ನಡೆಯುವುದನ್ನು ಬರೆಯಹೊರಟರೆ ಕನ್ನಡದ ಆರು ಪದಗಳಾದರೂ ಬೇಕಾಗುತ್ತವೆ. ಮುಂಗಾರು ಇಂಥ ದಿನ ಕೇರಳ ಕರಾವಳಿಯನ್ನು ಮುಟ್ಟುತ್ತದೆ ಎಂದು ಹವಾಮಾನ ಇಲಾಖೆ ಹೇಳುವುದು ಮುನ್ಸೂಚನೆ. ಪಡುವಣ ಬಾನಿನ ಮೋಡ ನೋಡಿ ‘ಇನ್ನು ನಾಲ್ಕು ದಿನ ಉಂಟು’ ಎಂದು ಮನೆಯ ಅಜ್ಜ ಹೇಳುವುದು ಅಂದಾಜು. ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಬಾರದಂತೆ ಮಳೆ ಹಿಡಿಯುವ ಮೊದಲೇ ಗೊನೆಗೆ ಮೈಲುತುತ್ತು-ಸುಣ್ಣದ ಬೋರ್ಡೋ ಮದ್ದು ಬಿಡುವುದು ಮುಂಜಾಗ್ರತೆ. ಆ ಹೊತ್ತಿಗೆ ಮರ ಹತ್ತುವ ಜನ ಸಿಗಲಿಕ್ಕಿಲ್ಲವೆಂದು ವಿಷುವಿನ ಸಮಯಕ್ಕೇ ಮಾತಾಡಿ ಇಟ್ಟದ್ದು ಮುಂದಾಲೋಚನೆ. ಅಡಿಕೆಯೊಂದನ್ನೇ ನೆಚ್ಚಿ ಕೂರಬಾರದೆಂದು ಇಪ್ಪತ್ತು ವರ್ಷದ ಹಿಂದೆ ನಡುವೆ ಕೊಕ್ಕೊ ನೆಟ್ಟು, ಮರಕ್ಕೆ ಕರಿಮೆಣಸಿನ ಬಳ್ಳಿ ಬಿಟ್ಟದ್ದು ದೂರದೃಷ್ಟಿ. ‘ಈ ವರ್ಷ ಮಹಾಳಿ ಬಾರದೆ ಇರುವುದಿಲ್ಲ, ಬರೆದಿಟ್ಟುಕೊಳ್ಳಿ’ ಎಂದು ಬೇಲಿಯಾಚೆಯಿಂದ ಯಾರೋ ಸಾರಿದರೆ ಅದು ಭವಿಷ್ಯವಾಣಿ. ಈ ಕೊನೆಯದನ್ನು ಸ್ವಲ್ಪ ನಗುತ್ತಲೇ ಹೇಳಬೇಕು.

ಇಷ್ಟು ಹತ್ತಿರದ ಪದಗಳಾದ್ದರಿಂದಲೇ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಸನ್ಮಾನಪತ್ರ, ಪಂಚಾಯತಿನ ನೋಟಿಸು, ಪತ್ರಿಕಾ ವರದಿ, ಮಕ್ಕಳ ಪ್ರಬಂಧ ಎಲ್ಲದರಲ್ಲೂ ಇದನ್ನು ಕಾಣಬಹುದು. ಕಾಸರಗೋಡಿನಲ್ಲಿ ಕನ್ನಡ ಬರೆಯುವವರಿಗೆ ಇನ್ನೊಂದು ತೊಡಕೂ ಇದೆ. ಕಚೇರಿಯಿಂದ ಬರುವ ಮೂಲ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಅದರಲ್ಲಿರುವ ಸಂಸ್ಕೃತ ಪದಗಳು ಕನ್ನಡದಲ್ಲೂ ಇವೆ, ಅರ್ಥ ಮಾತ್ರ ಬೇರೆ.

ಮೊದಲು ಕ್ರಿಯಾಪದ ಹಚ್ಚಿ ನೋಡಿ

ನಿಘಂಟು ತೆರೆದರೆ ಇವೆಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿರುತ್ತದೆ. ಅದಕ್ಕಿಂತ ಒಳ್ಳೆಯ ಒರೆಗಲ್ಲು ಕ್ರಿಯಾಪದ. ದೂರದೃಷ್ಟಿ ‘ಇರುತ್ತದೆ’, ಅದನ್ನು ಯಾರೂ ‘ಮಾಡುವುದಿಲ್ಲ’, ‘ವಹಿಸುವುದಿಲ್ಲ’. ಮುಂದಾಲೋಚನೆ ಇರುತ್ತದೆ, ಅದನ್ನು ಮಾಡಲೂ ಬರುತ್ತದೆ. ಮುಂಜಾಗ್ರತೆಯನ್ನು ವಹಿಸುತ್ತಾರೆ, ತೆಗೆದುಕೊಳ್ಳುತ್ತಾರೆ. ಮುನ್ಸೂಚನೆಯನ್ನು ಕೊಡುತ್ತಾರೆ, ನಮಗೆ ಅದು ಸಿಗುತ್ತದೆ. ಅಂದಾಜು ಮಾಡುತ್ತಾರೆ ಅಥವಾ ಹಾಕುತ್ತಾರೆ. ಭವಿಷ್ಯ ಹೇಳುತ್ತಾರೆ, ನುಡಿಯುತ್ತಾರೆ. ನಿಮ್ಮ ವಾಕ್ಯಕ್ಕೆ ಬೇಕಾದ ಕ್ರಿಯಾಪದವನ್ನು ಮೊದಲು ಬರೆದು ನೋಡಿ. ‘ವಹಿಸಬೇಕು’ ಎಂದು ಮುಗಿಯುವ ವಾಕ್ಯಕ್ಕೆ ದೂರದೃಷ್ಟಿ ಸೇರುವುದೇ ಇಲ್ಲ ಎಂಬುದು ಕಿವಿಗೇ ತಿಳಿಯುತ್ತದೆ.

ಆಗಲೂ ಎರಡು ಪದ ಉಳಿದರೆ ಇನ್ನೊಂದು ಪರೀಕ್ಷೆ ಮಾಡಿ: ಈ ಸಂಗತಿ ಸುಳ್ಳಾಗಬಹುದೇ? ಮುನ್ಸೂಚನೆ ಸುಳ್ಳಾಗುತ್ತದೆ, ಊಹೆ ಹುಸಿಯಾಗುತ್ತದೆ, ಅಂದಾಜು ತಪ್ಪುತ್ತದೆ. ಮುಂಜಾಗ್ರತೆಗೆ ಸುಳ್ಳಾಗುವ ಮಾತೇ ಇಲ್ಲ, ಹೆಚ್ಚೆಂದರೆ ದಂಡವಾಗುತ್ತದೆ. ದೂರದೃಷ್ಟಿ ಸುಳ್ಳಾಗುವುದೂ ಇಲ್ಲ, ದಂಡವಾಗುವುದೂ ಇಲ್ಲ. ಕಂಡದ್ದು ನಿಜವಾದ ಮೇಲಷ್ಟೇ ಅದಕ್ಕೆ ಆ ಹೆಸರು ಸಿಗುವುದು.

ದೂರದೃಷ್ಟಿ: ತಡವಾಗಿ ಸಿಗುವ ಬಿರುದು

ಈ ಕೊನೆಯ ಮಾತು ಗಮನದಲ್ಲಿದ್ದರೆ ಅರ್ಧ ತಪ್ಪುಗಳು ತಾವೇ ನಿಲ್ಲುತ್ತವೆ. ನಿನ್ನೆ ಮಂಜೂರಾದ ಯೋಜನೆಯ ಶಂಕುಸ್ಥಾಪನೆಯ ಬ್ಯಾನರಿನಲ್ಲಿ ‘ದೂರದೃಷ್ಟಿಯ ಯೋಜನೆ’ ಎಂದು ಹಾಕುವುದು ಅವಸರ. ಅಲ್ಲಿ ‘ದೀರ್ಘಕಾಲದ ಯೋಜನೆ’ ಎಂದರೆ ಸಾಕು. ಮದ್ರಾಸ್ ಆಡಳಿತದ ಕಾಲದಲ್ಲಿ 1916ರಲ್ಲಿ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ತೆರೆದದ್ದನ್ನು ದೂರದೃಷ್ಟಿ ಎನ್ನಲು ಅಡ್ಡಿಯಿಲ್ಲ. ಅದೇ ಬೆಳೆದು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು, ನೂರು ವರ್ಷ ದಾಟಿಯೂ ಕೆಲಸ ಮಾಡುತ್ತಿದೆ. ನೆಟ್ಟು ಫಲ ಕಾಣಲು ವರ್ಷಗಟ್ಟಲೆ ಕಾಯಬೇಕಾದ ಬೆಳೆಗೆ ಅಂಥ ಸಂಸ್ಥೆ ಬೇಕೆಂದು ಅಷ್ಟು ಹಿಂದೆಯೇ ತೋಚಿದ್ದಕ್ಕೆ ಈ ಪದ ಸಲ್ಲುತ್ತದೆ.

ಈ ಕಾರಣಕ್ಕೇ ದೂರದೃಷ್ಟಿಯನ್ನು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವಂತಿಲ್ಲ. ‘ನಾನು ಮುಂದಾಲೋಚನೆ ಮಾಡಿ ಎರಡು ಟಾರ್ಪಾಲು ತಂದಿಟ್ಟಿದ್ದೆ’ ಎಂದರೆ ಸಹಜ ಮಾತು. ‘ನನ್ನ ದೂರದೃಷ್ಟಿಯಿಂದ ಎರಡು ಟಾರ್ಪಾಲು ತಂದಿಟ್ಟಿದ್ದೆ’ ಎಂದರೆ ಮನೆಯವರೆಲ್ಲ ನಗುತ್ತಾರೆ. ಟಾರ್ಪಾಲಿಗೆ ದೂರದೃಷ್ಟಿ ಬೇಕಾಗಿಲ್ಲ.

ಹಾಗಾದರೆ ಎಷ್ಟು ದೂರವಾದರೆ ದೂರದೃಷ್ಟಿ? ಅಳತೆಗೋಲು ಯಾರೂ ಇಟ್ಟಿಲ್ಲ. ರೂಢಿಯಲ್ಲಿ ನೋಡಿದರೆ ದಿನ, ವಾರ, ಒಂದು ಹಂಗಾಮಿನ ಲೆಕ್ಕಕ್ಕೆ ಮುಂದಾಲೋಚನೆ. ವರ್ಷಗಳ, ತಲೆಮಾರಿನ ಲೆಕ್ಕಕ್ಕೆ ದೂರದೃಷ್ಟಿ. ನಮ್ಮ ಕಡೆಯ ನೀರಿನ ಕೆಲಸಗಳಲ್ಲಿ ಈ ಗೆರೆ ಚೆನ್ನಾಗಿ ಕಾಣುತ್ತದೆ. ಮಳೆ ನಿಂತು ತೋಡಿನ ಹರಿವು ಸಣ್ಣಗಾಗುವಾಗ ಊರವರು ಸೇರಿ ಕಲ್ಲು, ಮಣ್ಣು, ಈಗೀಗ ಪ್ಲಾಸ್ಟಿಕ್ ಹಾಳೆ ಹಾಕಿ ಅಡ್ಡಲಾಗಿ ಕಟ್ಟ ಕಟ್ಟುತ್ತಾರೆ. ಮುಂದಿನ ಮಳೆಗೆ ಅದು ಕೊಚ್ಚಿ ಹೋಗುತ್ತದೆ, ಮತ್ತೆ ಕಟ್ಟಬೇಕು. ಅದು ಬೇಸಿಗೆಯ ಮುಂದಾಲೋಚನೆ. ಮುರಕಲ್ಲಿನ ಗುಡ್ಡವನ್ನು ಆಳೆತ್ತರಕ್ಕೆ ಅಡ್ಡಕ್ಕೆ ಕೊರೆದು, ಪಂಪಿನ ಹಂಗಿಲ್ಲದೆ ನೀರು ತಾನೇ ಹರಿದು ಬರುವಂತೆ ಮಾಡಿದ ಸುರಂಗ ಮೊಮ್ಮಕ್ಕಳ ಕಾಲಕ್ಕೂ ನೀರು ಕೊಡುತ್ತಿದ್ದರೆ ಅದನ್ನು ತೋಡಿಸಿದವರದು ದೂರದೃಷ್ಟಿ. ಗಿಡಮರ, ಮಣ್ಣಿನ ಗುಣ ನೋಡಿ ‘ಇಲ್ಲಿ ಕೊರೆದರೆ ನೀರು ಸಿಕ್ಕೀತು’ ಎಂದ ಕೆಲಸಗಾರನದು ಅಂದಾಜು. ನೀರು ಸಿಕ್ಕಿದ ಮಾತ್ರಕ್ಕೆ ಆ ಅಂದಾಜು ದೂರದೃಷ್ಟಿಯಾಗುವುದಿಲ್ಲ, ಒಳ್ಳೆಯ ಅಂದಾಜಾಗುತ್ತದೆ. ಅದೇನು ಸಣ್ಣ ಹೊಗಳಿಕೆಯಲ್ಲ.

ಈ ಪದಕ್ಕೆ ಇನ್ನೊಂದು ತೊಂದರೆಯಿದೆ. ಕಣ್ಣಿನ ವೈದ್ಯದಲ್ಲಿ ದೂರದ್ದು ಸರಿಯಾಗಿ ಕಂಡು ಹತ್ತಿರದ್ದು ಮಸುಕಾಗುವ ದೋಷಕ್ಕೂ ದೂರದೃಷ್ಟಿ ಎಂದೇ ಹೆಸರು, ಅದರ ಜೋಡಿ ಸಮೀಪದೃಷ್ಟಿ. ಮಲಯಾಳ ಪಠ್ಯಗಳಲ್ಲಿ ಈ ಜೋಡಿ ದೀರ್ಘದೃಷ್ಟಿ, ಹ್ರಸ್ವದೃಷ್ಟಿ. ಮುಂದಿನದನ್ನು ಕಾಣುವ ಗುಣಕ್ಕೆ ಅಲ್ಲಿ ಸಾಮಾನ್ಯವಾಗಿ ಬಳಸುವ ಪದ ದೀರ್ಘವೀಕ್ಷಣಂ. ಅದನ್ನು ಕನ್ನಡದಲ್ಲಿ ‘ದೀರ್ಘವೀಕ್ಷಣೆ’ ಎಂದು ಬರೆದರೆ ಯಾರೋ ತುಂಬ ಹೊತ್ತು ನೋಡುತ್ತಾ ನಿಂತಂತೆ ಆಗುತ್ತದೆ. ಕಣ್ಣಿನ ಶಿಬಿರದ ವರದಿಯಲ್ಲಿ ‘ದೂರದೃಷ್ಟಿ ದೋಷ’ ಎಂದು ಪೂರ್ತಿ ಬರೆಯಿರಿ. ‘ಶಿಬಿರದಲ್ಲಿ 12 ಜನರಿಗೆ ದೂರದೃಷ್ಟಿ ಇರುವುದು ಪತ್ತೆಯಾಯಿತು’ ಎಂದರೆ ಊರಿಗೆ ಶುಭವಾಯಿತು ಎಂದುಕೊಳ್ಳಬೇಕಷ್ಟೆ.

ಮುನ್ನೆಚ್ಚರಿಕೆಗೆ ಎರಡು ಮುಖ

ಮುನ್ನೆಚ್ಚರಿಕೆ ಮತ್ತು ಮುಂಜಾಗ್ರತೆ ಒಂದೇ ಎಂದು ಹೆಚ್ಚಿನವರು ಬಳಸುತ್ತಾರೆ. ಬಹುಪಾಲು ಸರಿಯೇ. ವ್ಯತ್ಯಾಸ ಒಂದು ಕಡೆ ಮಾತ್ರ. ಮುನ್ನೆಚ್ಚರಿಕೆಯನ್ನು ವಹಿಸಲೂ ಬರುತ್ತದೆ, ಇನ್ನೊಬ್ಬರಿಗೆ ಕೊಡಲೂ ಬರುತ್ತದೆ. ‘ಮೀನುಗಾರರಿಗೆ ಮುನ್ನೆಚ್ಚರಿಕೆ ನೀಡಲಾಗಿದೆ’ ಎಂದರೆ ಮೊದಲೇ ಎಚ್ಚರಿಸಿದ್ದಾರೆ. ‘ಮೀನುಗಾರರು ಮುನ್ನೆಚ್ಚರಿಕೆ ವಹಿಸಿದ್ದಾರೆ’ ಎಂದರೆ ದೋಣಿ ಎಳೆದು ದಡದಲ್ಲಿಟ್ಟಿದ್ದಾರೆ. ಮುಂಜಾಗ್ರತೆಗೆ ಈ ಎರಡನೆಯ ಅರ್ಥ ಮಾತ್ರ. ಆದ್ದರಿಂದ ‘ಮುನ್ನೆಚ್ಚರಿಕೆಯ ಕಾರಣ ದೋಣಿಗಳು ಇಳಿಯಲಿಲ್ಲ’ ಎಂಬಂಥ ಎರಡೂ ಕಡೆ ವಾಲುವ ವಾಕ್ಯ ಬಂದಾಗ, ಮಾಡಿದ ಕೆಲಸಕ್ಕೆ ಮುಂಜಾಗ್ರತೆ ಎಂದೂ ಬಂದ ಸಂದೇಶಕ್ಕೆ ಎಚ್ಚರಿಕೆ ಎಂದೂ ಬಿಡಿಸಿ ಬರೆಯುವುದು ಲೇಸು. 2022ರ ಜನವರಿಯಲ್ಲಿ ಕೋವಿಡ್ ಲಸಿಕೆಯ ಮೂರನೆಯ ಸರದಿಗೆ ಕನ್ನಡ ಪತ್ರಿಕೆಗಳು ‘ಮುನ್ನೆಚ್ಚರಿಕೆ ಡೋಸ್’ ಎಂದವು. ಅಲ್ಲಿ ಗೊಂದಲವಾಗಲಿಲ್ಲ, ಡೋಸು ತೆಗೆದುಕೊಳ್ಳುವಂಥದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಒಂದು ಸಣ್ಣ ಕರಪತ್ರ ಬರೆಯುವಾಗ ಇದೆಲ್ಲ ಹೇಗೆ ಕೆಲಸಕ್ಕೆ ಬರುತ್ತದೆ ನೋಡಿ. ವಿಷಯ ಅಡಿಕೆಯ ಕೊಳೆರೋಗ, ನಮ್ಮ ಮಾತಿನ ಮಹಾಳಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ತುತ್ತನ್ನೂ ಸುಣ್ಣವನ್ನೂ ತಲಾ 50 ಲೀಟರಿನಲ್ಲಿ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ತುತ್ತು ಕರಗಿಸಲು ಕಬ್ಬಿಣದ ಪಾತ್ರೆ ಆಗದು, ಪ್ಲಾಸ್ಟಿಕ್ ಡ್ರಮ್ಮು ಬೇಕು. ಸಿದ್ಧವಾದ ದ್ರಾವಣದಲ್ಲಿ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ಹಿಡಿದು ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಬೇಕು. ಕಲಸಿದ್ದನ್ನು ಅಂದೇ ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಗುಣ ಕೆಡುತ್ತದೆ. ಮೊದಲ ಸಿಂಪಡಣೆ ಮುಂಗಾರಿಗೆ ಮೊದಲು, ಎರಡನೆಯದು 40ರಿಂದ 45 ದಿನದ ಮೇಲೆ.

ಇದರಲ್ಲಿ ಕತ್ತಿ ಅದ್ದುವುದು ಏನು? ಕೆಲವರು ‘ಮುನ್ನೆಚ್ಚರಿಕೆ’ ಎನ್ನುತ್ತಾರೆ. ಅದು ಪರೀಕ್ಷೆ, ಈಗ ಇರುವುದನ್ನು ತಿಳಿಯುವ ಕೆಲಸ. ಅಲಗಿನ ಕೆಂಪು ‘ಮುನ್ಸೂಚನೆ’ಯೂ ಅಲ್ಲ, ಬರೇ ಗುರುತು. ಮುಖಕ್ಕೆ ಬಟ್ಟೆ ಕಟ್ಟಿ, ಕೈಗವಸು ಹಾಕಿ ಕಲಸುವುದು ಮುನ್ನೆಚ್ಚರಿಕೆ. ರೋಗ ಕಾಣುವ ಮೊದಲೇ ಮದ್ದು ಬಿಡುವುದು ಮುಂಜಾಗ್ರತೆ. ರೋಗ ಬಂದ ಮೇಲೆ ಬಿಟ್ಟರೆ ಅದು ಹತೋಟಿ ಅಥವಾ ಚಿಕಿತ್ಸೆ. ಎರಡನೆಯ ಸಿಂಪಡಣೆಗೆ ಬೇಕಾದ ತುತ್ತನ್ನು ಮೊದಲ ಸಲವೇ ತಂದಿಡುವುದು ಮುಂದಾಲೋಚನೆ. ಇಡೀ ಕರಪತ್ರಕ್ಕೆ ‘ದೂರದೃಷ್ಟಿ’ ಒಂದು ಕಡೆಯೂ ಬೇಕಾಗುವುದಿಲ್ಲ. ಆದರೂ ಮುಖ್ಯ ಅತಿಥಿಯ ಸಂದೇಶದಲ್ಲಿ ಅದು ಬಂದೇ ಬರುತ್ತದೆ.

ಎಲ್ಲ ಸಂದರ್ಭಗಳೂ ಇಷ್ಟು ಹಗುರವಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದನ್ನು ಬರೆಯುವಾಗ ‘ದೂರದೃಷ್ಟಿಯ ಕೊರತೆಯಿಂದ’ ಎಂದು ಬರೆಯುವವರಿದ್ದಾರೆ. ಆ ಪದ ತಪ್ಪನ್ನು ತೆಳ್ಳಗಾಗಿಸುತ್ತದೆ. ದೂರದೃಷ್ಟಿ ಎಲ್ಲರಲ್ಲೂ ಇರಬೇಕೆಂದು ಯಾರೂ ಕೇಳುವುದಿಲ್ಲ, ಇಲ್ಲದಿದ್ದರೆ ಅದು ಅಪರಾಧವೂ ಅಲ್ಲ. ವಿಷವನ್ನು ಮೇಲಿನಿಂದ ಸುರಿಯುವಾಗ ಕೆಳಗಿರುವ ತೆರೆದ ಬಾವಿ, ತೋಡು, ಮನೆಯಂಗಳದ ಗೊಡವೆ ಮುನ್ನೆಚ್ಚರಿಕೆಯ ವಿಷಯ, ಮುನ್ನೆಚ್ಚರಿಕೆ ಕರ್ತವ್ಯ. ಸುಪ್ರೀಂ ಕೋರ್ಟು 2011ರ ಮೇಯಲ್ಲಿ ಆ ಕೀಟನಾಶಕದ ತಯಾರಿ, ಮಾರಾಟ, ಬಳಕೆಗೆ ದೇಶದಾದ್ಯಂತ ತಡೆ ಹಾಕಿತು. ಇಂಥ ಕಡೆ ‘ಮುನ್ನೆಚ್ಚರಿಕೆ ವಹಿಸದೆ’ ಎಂದೇ ಬರೆಯಬೇಕು.

ಮಳೆಯ ಮಾತು ಬಂದಾಗ

ಮಲಯಾಳದ ‘ಕಾಲಾವಸ್ಥಾ ಪ್ರವಚನಂ’ ಕನ್ನಡಕ್ಕೆ ಬರುವಾಗ ‘ಹವಾಮಾನ ಮುನ್ಸೂಚನೆ’ ಆಗಬೇಕು. ಅವಸರದಲ್ಲಿ ‘ಹವಾಮಾನ ಪ್ರವಚನ’ ಎಂದು ಉಳಿದರೆ ಯಾರೋ ಸ್ವಾಮೀಜಿ ಮಳೆಯ ಬಗ್ಗೆ ಉಪದೇಶಕ್ಕೆ ಕುಳಿತ ಹಾಗೆ. ಕನ್ನಡದಲ್ಲಿ ಪ್ರವಚನ ಮಠದ್ದು, ಸಭಾಮಂಟಪದ್ದು. ಹಾಗೆಯೇ ಅಲ್ಲಿನ ‘ಮುನ್ನರಿಯಿಪ್ಪ್’ ಎಂದರೆ ಎಚ್ಚರಿಕೆ. ಕನ್ನಡದ ‘ಮುನ್ನರಿವು’ ಕೇಳಲು ಅದರ ತಮ್ಮನಂತಿದ್ದರೂ ಅರ್ಥ ಮೊದಲೇ ತಿಳಿದಿರುವುದು. ‘ಜಿಲ್ಲೆಗೆ ಮುನ್ನರಿವು ನೀಡಲಾಗಿದೆ’ ಎಂಬ ವಾಕ್ಯ ಕನ್ನಡದ್ದಲ್ಲ.

ಮುನ್ಸೂಚನೆ ಮತ್ತು ಎಚ್ಚರಿಕೆಯ ನಡುವಿನ ಗೆರೆಯನ್ನು ಇಲಾಖೆಯ ಬಣ್ಣಗಳೇ ತೋರಿಸಿಕೊಡುತ್ತವೆ. 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯಾದರೆ ಅದು ‘ಭಾರಿ’, 115.6ರಿಂದ 204.4ರವರೆಗೆ ‘ಅತಿ ಭಾರಿ’, ಅದಕ್ಕೂ ಮೇಲಾದರೆ ‘ಅತ್ಯಧಿಕ’ ಮಳೆ. ‘ನಾಳೆ ಅತಿ ಭಾರಿ ಮಳೆಯ ಸಂಭವ’ ಎಂಬುದು ಮುನ್ಸೂಚನೆ. ಹಳದಿ ಬಣ್ಣಕ್ಕೆ ಗಮನವಿಟ್ಟಿರಿ ಎಂದರ್ಥ, ಕಿತ್ತಳೆಗೆ ಸಿದ್ಧರಾಗಿರಿ, ಕೆಂಪಿಗೆ ಕ್ರಮಕ್ಕೆ ಇಳಿಯಿರಿ. ಈ ಬಣ್ಣಗಳು ಎಚ್ಚರಿಕೆ. ‘ಕೆಂಪು ಮುನ್ಸೂಚನೆ’ ಎಂದು ಬರೆದರೆ ಕೆಂಪಿನ ಬಿಸಿಯೇ ಆರಿಹೋಗುತ್ತದೆ. ಪತ್ರಿಕೆಗಳು ‘ರೆಡ್ ಅಲರ್ಟ್’ ಎಂದೇ ಬರೆಯುವುದು ಒಂದು ಲೆಕ್ಕದಲ್ಲಿ ವಾಸಿ, ಓದುಗನಿಗೆ ತಟ್ಟನೆ ತಿಳಿಯುತ್ತದೆ.

ಮುನ್ಸೂಚನೆಗೆ ಇಲಾಖೆಯೇ ಬೇಕೆಂದೂ ಇಲ್ಲ. ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆಯ ಮುನ್ಸೂಚನೆ ಎನ್ನುತ್ತೇವೆ. ‘ಮುನ್ಸೂಚನೆ ಇಲ್ಲದೆ ಕರೆಂಟು ತೆಗೆದರು’ ಎಂಬ ದೂರಿನಲ್ಲಿ ಅದು ಮೊದಲೇ ತಿಳಿಸುವುದು ಎಂಬ ಸಾದಾ ಅರ್ಥದಲ್ಲಿದೆ. ಎರಡೂ ಸರಿ.

ದೈವ, ಜ್ಯೋತಿಷ್ಯದ ಮಾತೇ ಬೇರೆ. ಕೋಲದಲ್ಲಿ ದೈವ ಕೊಡುವುದು ನುಡಿ. ಅಷ್ಟಮಂಗಲ ಪ್ರಶ್ನೆ ಇಡುತ್ತಾರೆ, ಅದರಲ್ಲಿ ಹೀಗೆ ‘ಕಂಡುಬಂತು’ ಎನ್ನುತ್ತಾರೆ. ಇದನ್ನು ‘ಜ್ಯೋತಿಷಿಗಳು ಮುನ್ಸೂಚನೆ ನೀಡಿದರು’ ಎಂದು ವರದಿ ಮಾಡಿದರೆ ನಂಬುವವರಿಗೂ ಸಮಾಧಾನವಿಲ್ಲ, ನಂಬದವರಿಗೂ ಇಲ್ಲ. ಇನ್ನು ‘ಭವಿಷ್ಯ’ ಎಂದಾಕ್ಷಣ ಕವಡೆ ನೆನಪಾಗಬೇಕಾಗಿಲ್ಲ: ಸಂಬಳದಿಂದ ಮುರಿದುಕೊಂಡು ಮುಂದಕ್ಕೆ ಕೂಡಿಡುವ ಭವಿಷ್ಯ ನಿಧಿ ಅಪ್ಪಟ ಮುಂದಾಲೋಚನೆಯ ವ್ಯವಸ್ಥೆ. ಬಾಯಿಮಾತಿನಲ್ಲಿ ಅದು ಪಿಎಫ್ ಆಗಿ ಅರ್ಥ ಮರೆತುಹೋಗಿದೆ, ಅಷ್ಟೆ.

ಮುನ್ನೋಟ, ಮುಂಗಾಣ್ಕೆ ಮತ್ತು ಉಳಿದವು

ಮುನ್ನೋಟ ಈಗ ಪತ್ರಿಕೆಯ ಪದ. ಪಂದ್ಯದ ಮುನ್ನೋಟ, ಬಜೆಟ್ಟಿನ ಮುನ್ನೋಟ. ಅದರ ಜೋಡಿ ಹಿನ್ನೋಟ. ಸಂಸ್ಥೆಗಳು ತಮ್ಮ ಗುರಿಯ ಹೇಳಿಕೆಗೂ ಇದನ್ನು ಬಳಸುತ್ತಿವೆ, ಒಗ್ಗುತ್ತದೆ. ವ್ಯಕ್ತಿಯ ಗುಣ ಹೇಳಲು ಸ್ವಲ್ಪ ತೆಳು. ಮುಂಗಾಣ್ಕೆ ಚೆಲುವಾದ ಪದ. ಮುಂಗಾರು ಆದ ಹಾಗೆಯೇ ಆದದ್ದು, ಎರಡರಲ್ಲೂ ‘ಕ’ ಹೋಗಿ ‘ಗ’ ಬಂದಿದೆ. ಪ್ರಬಂಧದಲ್ಲಿ ಹೊಂದುತ್ತದೆ, ನೋಟಿಸಿಗೆ ಹಾಕಿದರೆ ಜನ ಇನ್ನೊಮ್ಮೆ ಓದಬೇಕಾಗುತ್ತದೆ. ಆದರೆ ‘ಮುಂಗಾಣು’ ಎಂಬ ಕ್ರಿಯಾಪದವನ್ನು ಇನ್ನಷ್ಟು ಬಳಸಬಹುದು. ‘ತೊಂದರೆಯನ್ನು ಮುಂಗಂಡು’ ಎಂದರೆ ಎರಡೇ ಪದದಲ್ಲಿ ಮುಗಿಯಿತು.

ವ್ಯಕ್ತಿಯನ್ನು ಹೆಸರಿಸಲು ದೂರದರ್ಶಿ, ದೀರ್ಘದರ್ಶಿ ಎರಡೂ ಇವೆ. ದಾರ್ಶನಿಕ ಎಂದರೆ ತತ್ತ್ವಜ್ಞಾನಿ, ಊರಿಗೆ ರಸ್ತೆ ಮಾಡಿಸಿದವರಿಗೆ ಆ ಪದ ಅಂಟಿಸಬೇಡಿ. ದೀರ್ಘಾಲೋಚನೆ ಎಂದರೆ ತುಂಬ ಹೊತ್ತಿನ ಯೋಚನೆ, ಮುಂದಿನ ಯೋಚನೆಯೇ ಆಗಬೇಕೆಂದಿಲ್ಲ. ಪಂಚತಂತ್ರದ ಮೂರು ಮೀನುಗಳಲ್ಲಿ ಬಲೆ ಬೀಳುವ ಮೊದಲೇ ಕೊಳ ಬಿಟ್ಟದ್ದು ಅನಾಗತವಿಧಾತ, ಬಲೆಗೆ ಬಂದ ಮೇಲೆ ಉಪಾಯ ಹೂಡಿದ್ದು ಪ್ರತ್ಯುತ್ಪನ್ನಮತಿ. ಈ ಎರಡನೆಯ ಗುಣಕ್ಕೆ ಕನ್ನಡದಲ್ಲಿ ಸಮಯಸ್ಫೂರ್ತಿ ಎಂಬ ಬೇರೆಯೇ ಪದವಿದೆ. ಅಪಘಾತದ ಹೊತ್ತಿಗೆ ಬ್ರೇಕು ಹಾಕಿ ಜನರನ್ನು ಉಳಿಸಿದ ಬಸ್ ಚಾಲಕನದು ಸಮಯಸ್ಫೂರ್ತಿ ಅಥವಾ ಸಮಯಪ್ರಜ್ಞೆ. ಹೊರಡುವ ಮೊದಲೇ ಬ್ರೇಕು ನೋಡಿಸಿದ್ದರೆ ಮುಂಜಾಗ್ರತೆ. ವರದಿಗಳಲ್ಲಿ ಇವೆರಡು ಅದಲುಬದಲಾಗುವುದು ತೀರಾ ಸಾಮಾನ್ಯ.

ವಿರುದ್ಧಾರ್ಥ ಬೇಕಾದಾಗ ಸಂಕುಚಿತ ದೃಷ್ಟಿ ಎನ್ನಬೇಡಿ, ಅದು ಮನಸ್ಸಿನ ಸಣ್ಣತನ. ‘ಮುಂದಾಲೋಚನೆಯಿಲ್ಲದ’ ಎಂಬುದೇ ಸಾಕು. ಆಡುಮಾತಿನಲ್ಲಿ ‘ಹಿಂದುಮುಂದು ನೋಡದೆ’ ಚೆನ್ನಾಗಿದೆ, ಆದರೆ ಅದನ್ನು ತಿರುಗಿಸಿದರೆ ಕೈಕೊಡುತ್ತದೆ: ‘ಅವನು ಹಿಂದುಮುಂದು ನೋಡುತ್ತಿದ್ದಾನೆ’ ಎಂದರೆ ಯೋಚಿಸುತ್ತಿದ್ದಾನೆ ಎನ್ನುವುದಕ್ಕಿಂತ ಅನುಮಾನಿಸುತ್ತಿದ್ದಾನೆ ಎಂದೇ ಅರ್ಥ. ಗಾದೆಗಳೂ ಇವೆ. ಮುಂದಾಲೋಚನೆ ಇಲ್ಲದ್ದಕ್ಕೆ ‘ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು’. ಅದು ಅತಿಯಾದದ್ದಕ್ಕೆ ‘ಕೂಸು ಹುಟ್ಟುವ ಮೊದಲೇ ಕುಲಾವಿ’.

ಬರೆದ ಮೇಲೆ ಒಮ್ಮೆ ನೋಡಬೇಕಾದ್ದು

ಮುಂಜಾಗ್ರತೆಯಲ್ಲಿ ‘ಗ್ರ’ ಬೇಕು, ‘ಗೃ’ ತಪ್ಪು. ದೃಷ್ಟಿಯಲ್ಲಿ ‘ಷ್ಟ’, ಮಹಾಪ್ರಾಣವಿಲ್ಲ. ‘ಮುಂಜಾಗ್ರತಾ ಕ್ರಮ’ ನಡೆಯುತ್ತದೆ, ಏಕೆಂದರೆ ಜಾಗ್ರತಾ ಸಂಸ್ಕೃತದ್ದು. ಎಚ್ಚರಿಕೆ ಕನ್ನಡದ್ದಾದ್ದರಿಂದ ‘ಮುನ್ನೆಚ್ಚರಿಕಾ ಕ್ರಮ’ ಸರಿಬಾರದು, ‘ಮುನ್ನೆಚ್ಚರಿಕೆಯ ಕ್ರಮ’ ಎನ್ನಿ. ಮುಂಜಾಗ್ರತೆ, ಮುನ್ಸೂಚನೆ, ಮುಂದಾಲೋಚನೆ ಇವುಗಳಲ್ಲಿ ಕನ್ನಡಕ್ಕೆ ಸಂಸ್ಕೃತ ಸೇರಿದೆ, ಅರಿಸಮಾಸ ಎಂದು ಹಳೆಯ ವ್ಯಾಕರಣದವರು ಹುಬ್ಬು ಗಂಟಿಕ್ಕಿಯಾರು. ರೂಢಿ ಆ ತಕರಾರನ್ನು ದಾಟಿ ಎಷ್ಟೋ ಕಾಲವಾಯಿತು.

ಮಲಯಾಳದಿಂದ ಇಳಿಸುವಾಗ ಇನ್ನು ಮೂರು ಪದಗಳ ಮೇಲೆ ಕಣ್ಣಿಡಿ. ‘ಮುನ್‌ವಿಧಿ’ ಎಂದರೆ ಅಲ್ಲಿ ಪೂರ್ವಗ್ರಹ, ಕನ್ನಡಿಗ ಅದನ್ನು ಹಣೆಬರಹ ಎಂದು ಓದಿಯಾನು. ‘ಪದ್ಧತಿ’ ಅಲ್ಲಿ ಯೋಜನೆ, ಇಲ್ಲಿ ರೂಢಿ. ‘ಭಾವಿ’ ಅಲ್ಲಿ ಮುಂದಿನ ಕಾಲ, ಇಲ್ಲಿ ಹೆಚ್ಚಾಗಿ ಮದುವೆಯ ಕಾಗದದಲ್ಲಿ ಮಾತ್ರ. ಹಾಗಾಗಿ ‘ಭಾವಿ ಪದ್ಧತಿಗಳು’ ಎಂಬುದನ್ನು ‘ಮುಂದಿನ ಯೋಜನೆಗಳು’ ಎಂದೇ ಮಾಡಿ. ಹಾಗೆಯೇ ಬಿಟ್ಟರೆ ಟೈಪು ಮಾಡುವವರ ಕೈಯಲ್ಲಿ ಮಹಾಪ್ರಾಣ ಬಿದ್ದು ‘ಬಾವಿ ಪದ್ಧತಿಗಳು’ ಆಗುತ್ತದೆ, ಗ್ರಾಮಸಭೆಗೆ ಬಂದವರು ತಮ್ಮ ವಾರ್ಡಿಗೆ ಎಷ್ಟು ಬಾವಿ ಎಂದು ಕೇಳುತ್ತಾರೆ.